ಐ-29ರ ಉದ್ದಕ್ಕೂ ಇದ್ದ ಒಂದು ಒಕ್ಕೂಟ

ಅಮೆರಿಕದ ಕಾಲೇಜು ಕ್ರೀಡೆಗಳಲ್ಲಿ ಸಮಿಟ್ ಲೀಗ್ ಎಂಬ ಒಕ್ಕೂಟವೊಂದಿದೆ. ಅದರ ಅಂಕಪಟ್ಟಿ ಕಣ್ಣಿಗೆ ಬಿದ್ದಾಗಲೆಲ್ಲ ನನ್ನೊಳಗೆ ಏನೋ ಕಸಿವಿಸಿಯಾಗುತ್ತದೆ. ನಾರ್ತ್ ಡಕೋಟಾ ಸ್ಟೇಟ್, ನಾರ್ತ್ ಡಕೋಟಾ, ಸೌತ್ ಡಕೋಟಾ ಸ್ಟೇಟ್, ಸೌತ್ ಡಕೋಟಾ, ಒಮಾಹಾ. 2021ರಲ್ಲಿ ಇವುಗಳ ಜೊತೆಗೆ ಮಿನೆಸೋಟಾದ ಸೇಂಟ್ ಥಾಮಸ್ ಕೂಡ ಬಂದು ಸೇರಿತು. ಈ ಆರೂ ಹೆಸರುಗಳು ಒಂದಲ್ಲ ಒಂದು ಕಾಲದಲ್ಲಿ ಇನ್ನೊಂದು ಪಟ್ಟಿಯಲ್ಲಿದ್ದವು. ಅದು ನಾರ್ತ್ ಸೆಂಟ್ರಲ್ ಕಾನ್ಫರೆನ್ಸ್. 1922ರಲ್ಲಿ ಶುರುವಾಗಿ 2008ರ ಜುಲೈ 1ಕ್ಕೆ ಮುಚ್ಚಿಹೋಯಿತು. ಅದರ ಕಚೇರಿ ಇದ್ದದ್ದು ಸೌತ್ ಡಕೋಟಾದ ಸೂ ಫಾಲ್ಸ್ ನಗರದಲ್ಲಿ. ಸಮಿಟ್ ಲೀಗ್ ಕೂಡ 2018ರಲ್ಲಿ ತನ್ನ ಕಚೇರಿಯನ್ನು ಇಲಿನಾಯ್‌ನಿಂದ ಅದೇ ಊರಿಗೆ ತಂದಿತು. ಊರೂ ಅದೇ, ಆಡುವವರಲ್ಲಿ ಹೆಚ್ಚಿನವರೂ ಅವರೇ. ಹಾಗಾದರೆ 2008ರಲ್ಲಿ ಸತ್ತದ್ದು ಏನು? ಈ ಪ್ರಶ್ನೆಯನ್ನು ಕೇಳಿದವರೂ ಕಡಿಮೆ, ಉತ್ತರ ಹೇಳುವ ಹೊಣೆ ಇರುವವರೂ ಯಾರಿಲ್ಲ. ನನ್ನ ಮಟ್ಟಿಗೆ ಅದು ಬಿಟ್ಟುಹೋಗದ ಪ್ರಶ್ನೆ. ಏಕೆಂದರೆ ತೊಂಬತ್ತರ ದಶಕದಲ್ಲಿ ದಾವಣಗೆರೆಯಿಂದ ನಾರ್ತ್ ಡಕೋಟಾದ ಫಾರ್ಗೋಗೆ ಓದಲು ಹೋದ ನಾನು ಅಮೆರಿಕವನ್ನು ಮೊದಲು ಅರ್ಥಮಾಡಿಕೊಂಡದ್ದೇ ಈ ಒಕ್ಕೂಟದ ಪಂದ್ಯಗಳ ಮೂಲಕ.

ನಮ್ಮಲ್ಲಿ ಅಂತರಕಾಲೇಜು ಪಂದ್ಯಾವಳಿ ಎಂದರೆ ಅದು ವಿಶ್ವವಿದ್ಯಾಲಯದ್ದು. ಯಾವ ವಿಶ್ವವಿದ್ಯಾಲಯಕ್ಕೆ ಕಾಲೇಜು ಸೇರಿದೆಯೋ ಅದರ ಪರಿಧಿಯೊಳಗೆ ಆಡಬೇಕು. ಎದುರಾಳಿಯನ್ನು ಕಾಲೇಜು ಆರಿಸಿಕೊಳ್ಳುವುದಿಲ್ಲ. ನನ್ನ ಅಕ್ಕ ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದಾಗ ಮೈಸೂರು, ಹಾಸನಗಳ ತಂಡಗಳ ಹೆಸರು ಮನೆಯ ಮಾತಾಗಿತ್ತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವಾಯಿತು, ನಮ್ಮ ಭಾಗದ ಕಾಲೇಜುಗಳು ಅದಕ್ಕೆ ಸೇರಿದವು, ಮೈಸೂರಿನ ಹುಡುಗಿಯರ ಮಾತು ಮನೆಯಲ್ಲಿ ತಾನಾಗಿಯೇ ನಿಂತುಹೋಯಿತು. ಅದು ಸರ್ಕಾರದ ತೀರ್ಮಾನ, ಯಾರೂ ಏನೂ ಅಂದುಕೊಳ್ಳಲಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕಾಲೇಜುಗಳೇ ಕುಳಿತು ಮಾತಾಡಿ, 'ನಾವು ನಾವು ಪ್ರತಿ ವರ್ಷ ಆಡೋಣ' ಎಂದು ಒಪ್ಪಿಕೊಳ್ಳುತ್ತವೆ. ನೆರೆಹೊರೆಯವರ ಒಪ್ಪಂದ ಅದು. ಹಾಗೆ ಒಪ್ಪಿಕೊಂಡವರು ಒಬ್ಬೊಬ್ಬರಾಗಿ ಎದ್ದುಹೋದಾಗ ಉಳಿದವರಿಗೆ ನೋವಾಗುವುದು ಸಹಜವೇ.

ಒಂದೇ ರಸ್ತೆ

ಭೂಪಟದ ಮೇಲೆ ಇಂಟರ್‌ಸ್ಟೇಟ್ 29 (ಐ-29) ಹೆದ್ದಾರಿಯನ್ನು ಉತ್ತರದಿಂದ ದಕ್ಷಿಣಕ್ಕೆ ಹಿಡಿದುಕೊಂಡು ಹೋದರೆ ಈ ಒಕ್ಕೂಟದ ಬೆನ್ನೆಲುಬು ಸಿಗುತ್ತದೆ. ಕೆನಡಾ ಗಡಿಯ ಕೆಳಗೆ ಗ್ರ್ಯಾಂಡ್ ಫೋರ್ಕ್ಸ್. ಅಲ್ಲಿ ನಾರ್ತ್ ಡಕೋಟಾ ವಿಶ್ವವಿದ್ಯಾಲಯ. ಸುಮಾರು 130 ಕಿಲೋಮೀಟರ್ ಕೆಳಗೆ ಫಾರ್ಗೋ. ಹಿಂದೆ ಕೃಷಿ ಕಾಲೇಜಾಗಿದ್ದ ನಾರ್ತ್ ಡಕೋಟಾ ಸ್ಟೇಟ್ ಇರುವುದು ಅಲ್ಲಿ. ಇನ್ನೂ 300 ಕಿಲೋಮೀಟರ್ ಹೋದರೆ ಬ್ರೂಕಿಂಗ್ಸ್, ಅಂದರೆ ಸೌತ್ ಡಕೋಟಾ ಸ್ಟೇಟ್. ಅಲ್ಲಿಂದ 90 ಕಿಲೋಮೀಟರಿಗೆ ಸೂ ಫಾಲ್ಸ್, ಲೂಥರನ್ ಚರ್ಚಿನವರ ಅಗಸ್ಟಾನಾ ಕಾಲೇಜಿನ ಊರು. ಹೆದ್ದಾರಿಯಿಂದ ಸ್ವಲ್ಪ ಒಳಗೆ ವರ್ಮಿಲಿಯನ್, ಸೌತ್ ಡಕೋಟಾ ವಿಶ್ವವಿದ್ಯಾಲಯ. ಆಮೇಲೆ ಅಯೋವಾದ ಸೂ ಸಿಟಿಯಲ್ಲಿ ಮೆಥಡಿಸ್ಟರ ಮಾರ್ನಿಂಗ್‌ಸೈಡ್. ಕೊನೆಗೆ ನೆಬ್ರಾಸ್ಕಾದ ಒಮಾಹಾ. ಮಿನೆಸೋಟಾದ ಮ್ಯಾನ್‌ಕೇಟೊ, ಸೇಂಟ್ ಕ್ಲೌಡ್, ಕೊಲರಾಡೋದ ನಾರ್ದರ್ನ್ ಕೊಲರಾಡೋ ಬದಿಗಳಲ್ಲಿ. ಎಂಬತ್ತು ತೊಂಬತ್ತರ ದಶಕಗಳಲ್ಲಿ ಇವೇ ಹತ್ತು ತಂಡಗಳು. ಒಕ್ಕೂಟ ಹುಟ್ಟಿದಾಗ ಈ ಹೆದ್ದಾರಿಯೇ ಇರಲಿಲ್ಲ, ನಿಜ. ಅಂದು ಓಡಾಟ ರೈಲಿನಲ್ಲಿ. ಆದರೂ ನನ್ನ ಮನಸ್ಸಿನಲ್ಲಿ ಅದು ಒಂದು ರಸ್ತೆಯಾಗಿಯೇ ಉಳಿದಿದೆ: ಎರಡೂ ಬದಿಗೆ ಗೋಧಿ, ಸೋಯಾ, ಸಕ್ಕರೆ ಬೀಟ್‌ನ ಹೊಲ, ದೂರದಲ್ಲಿ ಧಾನ್ಯದ ಗೋಪುರ, ಹಿಮಗಾಳಿ ಎದ್ದರೆ ಅಡ್ಡಗಟ್ಟೆ ಇಳಿಸಿ ಮುಚ್ಚಿಬಿಡುವ ರಸ್ತೆ.

ಸ್ಥಾಪಕರ ಪಟ್ಟಿಯಲ್ಲಿ ಎರಡು ಡಕೋಟಾಗಳ ನಾಲ್ಕು ಸರ್ಕಾರಿ ಸಂಸ್ಥೆಗಳ ಜೊತೆಗೆ ಸೇಂಟ್ ಥಾಮಸ್, ಕ್ರೈಟನ್, ಮಾರ್ನಿಂಗ್‌ಸೈಡ್, ನೆಬ್ರಾಸ್ಕಾ ವೆಸ್ಲಿಯನ್ ಮೊದಲಾದ ಚರ್ಚಿನ ಕಾಲೇಜುಗಳಿದ್ದವು. ಸರ್ಕಾರಿ ವಿಶ್ವವಿದ್ಯಾಲಯವೂ ಸಣ್ಣ ಖಾಸಗಿ ಕಾಲೇಜೂ ಸರಿಸಮನಾಗಿ ಅಂಗಳಕ್ಕಿಳಿಯುವ ಈ ಏರ್ಪಾಡು ಎಷ್ಟು ಅಪರೂಪದ್ದು ಎಂದು ಆಗ ಯಾರಿಗೂ ಅನಿಸಿರಲಾರದು. ಎಲ್ಲರೂ ಸಣ್ಣವರೇ ಆಗಿದ್ದ ಕಾಲ. ಹೊರಗಿನವರಿಗೆ ಈ ಒಕ್ಕೂಟ ಗೊತ್ತಿರುವುದು ಇಲ್ಲಿಂದ ಹೊರಟವರ ಹೆಸರಿನಿಂದ. ಮೈಕೆಲ್ ಜೋರ್ಡನ್‌ನ ಶಿಕಾಗೋ ಬುಲ್ಸ್ ತಂಡಕ್ಕೆ ಕೋಚ್ ಆಗಿದ್ದ ಫಿಲ್ ಜಾಕ್ಸನ್ ಅರವತ್ತರ ದಶಕದಲ್ಲಿ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಆಡಿದವರು. ಅವರಿಗೆ ಅಲ್ಲಿ ಕೋಚ್ ಆಗಿದ್ದ ಬಿಲ್ ಫಿಚ್ ಮುಂದೆ ಬಾಸ್ಟನ್ ಸೆಲ್ಟಿಕ್ಸ್‌ಗೆ 1981ರ ಎನ್‌ಬಿಎ ಪಟ್ಟ ಗೆದ್ದುಕೊಟ್ಟರು. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಆ್ಯಡಂ ವಿನಾಟಿಯೆರಿ ಬ್ರೂಕಿಂಗ್ಸ್‌ನಲ್ಲಿ ಓದಿದವರು. ಆದರೆ ಇವರು ಇಲ್ಲಿಂದ ಹೋದವರು. ನನಗೆ ಮುಖ್ಯವಾಗಿ ಕಾಣುವುದು ಇಲ್ಲೇ ಉಳಿದದ್ದು.

ಆ ಚಳಿಗಾಲದ ಹುಡುಗಿಯರು

1994ರ ಕೊನೆ, 1995ರ ಆರಂಭದ ಚಳಿಗಾಲ. ನಾನು ಬಾಡಿಗೆಗಿದ್ದ ಮನೆಯ ಒಡತಿ ವಯಸ್ಸಾದ ಮಹಿಳೆ. ಗಂಡ ತೀರಿಕೊಂಡ ಮೇಲೆ ಹೊಲವನ್ನು ಗೇಣಿಗೆ ಕೊಟ್ಟು ಪಟ್ಟಣಕ್ಕೆ ಬಂದವರು. ಒಂದು ಸಂಜೆ ಬಾಗಿಲು ತಟ್ಟಿ, 'ಗ್ರ್ಯಾಂಡ್ ಫೋರ್ಕ್ಸ್‌ನವರು ಬಂದಿದ್ದಾರೆ, ನೀನು ಮನೆಯಲ್ಲಿ ಕೂರುವ ಹಾಗಿಲ್ಲ' ಎಂದು ಕರೆದುಕೊಂಡು ಹೋದರು. ಕಾರಿನ ಎಂಜಿನ್ ಹೆಪ್ಪುಗಟ್ಟದಿರಲೆಂದು ಹಗಲಿಡೀ ವಿದ್ಯುತ್ ತಂತಿ ಸಿಕ್ಕಿಸಿಟ್ಟಿದ್ದರು. ನಾನು ಹೋಗುತ್ತಿರುವುದು ಗಂಡಸರ ಬಾಸ್ಕೆಟ್‌ಬಾಲ್ ಆಟಕ್ಕೆ ಎಂದುಕೊಂಡಿದ್ದೆ. ಒಳಗೆ ಹೋದರೆ ಅಂಗಳದಲ್ಲಿ ಹುಡುಗಿಯರು. ಬೈಸನ್ ಸ್ಪೋರ್ಟ್ಸ್ ಅರೀನಾದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟ್ರ್ಯಾಕ್ಟರ್ ಕಂಪನಿಯ ಟೋಪಿ ಹಾಕಿದ ರೈತರು, ಚರ್ಚಿನ ಹಿರಿಯರು, ಹೈಸ್ಕೂಲಿನ ಹುಡುಗಿಯರ ದಂಡು, ನನ್ನ ಪ್ರಯೋಗಾಲಯದ ಪ್ರಾಧ್ಯಾಪಕರು ತಮ್ಮ ಮಕ್ಕಳೊಂದಿಗೆ. ಒಟ್ಟಿಗೆ ಕಾಲು ಬಡಿಯುತ್ತಿದ್ದ ರಭಸಕ್ಕೆ ಕೂತ ಹಲಗೆ ನಡುಗುತ್ತಿತ್ತು. ಹೆಣ್ಣುಮಕ್ಕಳ ಆಟಕ್ಕೆ ಒಂದು ಊರಿಗೆ ಊರೇ ಹೀಗೆ ಬಂದು ಕೂರುವುದನ್ನು ನಾನು ಕಂಡಿರಲಿಲ್ಲ. ನನ್ನ ಅಕ್ಕನ ಪಂದ್ಯಗಳಿಗೆ ನಮ್ಮ ಅಪ್ಪನೂ ಹೋಗಿರಲಿಲ್ಲ.

ಮನೆಯೊಡತಿಗೆ ಎರಡೂ ತಂಡದವರ ಊರುಗಳು ಗೊತ್ತಿದ್ದವು. ಇವಳು ಬಂದದ್ದು ಇಂಥ ಸಣ್ಣ ಊರಿನಿಂದ, ಅವಳ ಹೈಸ್ಕೂಲಿನಲ್ಲಿ ಇಡೀ ತರಗತಿಗೆ ಹನ್ನೆರಡು ಮಕ್ಕಳು ಎಂದೆಲ್ಲ ಹೇಳುತ್ತಲೇ ಇದ್ದರು. ಅವರು ಚಿಕ್ಕಂದಿನಲ್ಲಿ ಶಿಕ್ಷಕಿಯಾಗಲು ಓದಿದ್ದು ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ, ಗಂಡ ಫಾರ್ಗೋದ ಕೃಷಿ ಕಾಲೇಜಿನವರು. ಮದುವೆಯಾದ ಮೇಲೆ ಪ್ರತಿ ಶರತ್ಕಾಲದಲ್ಲಿ ಎರಡೂ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯದ ವಾರ ಮನೆಯಲ್ಲಿ ಮಾತುಕತೆ ಸ್ವಲ್ಪ ಬಿಗಿಯಾಗಿರುತ್ತಿತ್ತಂತೆ. 'ಈಗ ಯಾರ ಕಡೆ?' ಎಂದು ಕೇಳಿದೆ. 'ಅವರು ಹೋದ ಮೇಲೆ ಅವರ ಕಡೆಯೇ' ಎಂದರು. ಅಷ್ಟು ಹೇಳಿ ಮತ್ತೆ ಅಂಗಳದ ಕಡೆ ತಿರುಗಿ, ಅಂಪೈರನ್ನು ಬೈಯಲು ಶುರುಮಾಡಿದರು.

ಆ ಋತುವಿನಲ್ಲಿ ಫಾರ್ಗೋದ ಹುಡುಗಿಯರು ಆಡಿದ 32 ಪಂದ್ಯಗಳನ್ನೂ ಗೆದ್ದರು. ಏಮಿ ರೂಲಿ ಅವರ ಕೋಚ್. 1991ರಲ್ಲಿ ಒಮ್ಮೆ, ಮತ್ತೆ 1993ರಿಂದ 1996ರವರೆಗೆ ಸತತ ನಾಲ್ಕು ವರ್ಷ ಡಿವಿಷನ್ 2ರ ರಾಷ್ಟ್ರೀಯ ಪಟ್ಟ ಅವರದು. ಕಾಲೇಜು ಕ್ರೀಡೆಗಳಲ್ಲಿ ಡಿವಿಷನ್ 1ರ ಕೆಳಗಿನ ಸ್ತರ ಅದು, ಈ ಒಕ್ಕೂಟ ಆಗ ಆಡುತ್ತಿದ್ದದ್ದು ಅಲ್ಲೇ. ಇವರನ್ನು ಇಳಿಸಿದವರು ಯಾರು? 1997, 98, 99, ಮೂರೂ ವರ್ಷ ಗೆದ್ದದ್ದು ಗ್ರ್ಯಾಂಡ್ ಫೋರ್ಕ್ಸ್‌ನ ಹುಡುಗಿಯರು. ಅಂದರೆ ಏಳು ವರ್ಷ ಇಡೀ ದೇಶದ ಪಟ್ಟ ಒಂದೇ ರಾಜ್ಯದಲ್ಲಿ, 130 ಕಿಲೋಮೀಟರ್ ಅಂತರದ ಎರಡು ಊರುಗಳ ನಡುವೆಯೇ ಇತ್ತು. ಇದು ಕಾಕತಾಳೀಯವಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ವರ್ಷಕ್ಕೆ ಎರಡು ಸಲವಾದರೂ ಪಕ್ಕದ ಊರಿನವರನ್ನು ಎದುರಿಸಲೇಬೇಕು, ಅವರು ಏನು ಕಲಿತಿದ್ದಾರೋ ಅದನ್ನು ಮೀರಲೇಬೇಕು ಎಂಬ ಒತ್ತಡವೇ ಇಬ್ಬರನ್ನೂ ಬೆಳೆಸಿತು. ಗಂಡಸರ ಫುಟ್‌ಬಾಲಿನಲ್ಲೂ ಇದೇ ಕಥೆ. 1983ರಿಂದ 1990ರ ನಡುವೆ ಫಾರ್ಗೋಗೆ ಐದು ರಾಷ್ಟ್ರೀಯ ಪಟ್ಟ, 1996 ಮತ್ತು 97ರಲ್ಲಿ ನಾರ್ದರ್ನ್ ಕೊಲರಾಡೋಗೆ ಎರಡು, 2001ರಲ್ಲಿ ಗ್ರ್ಯಾಂಡ್ ಫೋರ್ಕ್ಸ್‌ಗೆ ಒಂದು. ಈ ಒಕ್ಕೂಟವನ್ನು ಗೆಲ್ಲುವುದಕ್ಕಿಂತ ದೇಶವನ್ನು ಗೆಲ್ಲುವುದು ಸುಲಭ ಎಂದು ಅಲ್ಲಿನವರು ಹೇಳುತ್ತಿದ್ದರೆ ಅದು ಬರೀ ಜಂಬವಾಗಿರಲಿಲ್ಲ.

ಗೆದ್ದವರು ಹೊರಟರು

ಮೊದಲು ಹೊರಟದ್ದು ಗೆದ್ದವರಲ್ಲ, ಮಾರ್ನಿಂಗ್‌ಸೈಡ್. ಸ್ಥಾಪಕ ಸದಸ್ಯ, ಸಣ್ಣ ಖಾಸಗಿ ಕಾಲೇಜು. ಬೆಳೆದು ದೊಡ್ಡದಾಗಿದ್ದ ಸರ್ಕಾರಿ ವಿಶ್ವವಿದ್ಯಾಲಯಗಳ ಎದುರು ಫುಟ್‌ಬಾಲಿನಲ್ಲಿ ವರ್ಷ ವರ್ಷವೂ ಸೋತು 2001ರಲ್ಲಿ ಇನ್ನೂ ಸಣ್ಣ ಕಾಲೇಜುಗಳ ಸಂಘವಾದ ಎನ್‌ಎಐಎ ಸೇರಿತು. ಎರಡು ವರ್ಷಕ್ಕೆ ನಾರ್ದರ್ನ್ ಕೊಲರಾಡೋ ಡಿವಿಷನ್ 1ರ ದಾರಿ ಹಿಡಿಯಿತು. 2002ರಲ್ಲಿ ಫಾರ್ಗೋದವರೂ, ಅವರ ಬೆನ್ನಿಗೆ ಬ್ರೂಕಿಂಗ್ಸ್‌ನವರೂ ತಾವೂ ಹೋಗುವುದಾಗಿ ಹೇಳಿದರು; 2004ಕ್ಕೆ ಹೋದರು. ಕಾರಣಗಳು ಇದ್ದವು. ಆಗ ಡಿವಿಷನ್ 2ರಲ್ಲಿ ಒಂದು ಫುಟ್‌ಬಾಲ್ ತಂಡಕ್ಕೆ ಕೊಡಬಹುದಾಗಿದ್ದದ್ದು 36 ಪೂರ್ಣ ವಿದ್ಯಾರ್ಥಿವೇತನಗಳಿಗೆ ಸಮ. ಒಂದು ಮೆಟ್ಟಿಲು ಮೇಲೆ ಅದು 63 ಆಗಿತ್ತು. ಸಂಶೋಧನಾ ವಿಶ್ವವಿದ್ಯಾಲಯವಾಗಿ ಬೆಳೆಯಬೇಕೆಂಬ ಆಸೆ ಇತ್ತು. ಜನ ನಮ್ಮ ಹೆಸರನ್ನು ಯಾರ ಹೆಸರಿನ ಪಕ್ಕದಲ್ಲಿ ಓದುತ್ತಾರೆ ಎಂಬುದು ಅಲ್ಲಿ ಸಣ್ಣ ವಿಷಯವಲ್ಲ. ನಾನು ಆ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿನಿ. ಅದು ದೊಡ್ಡದಾಗಲಿ ಎಂದು ನನಗೂ ಆಸೆಯಿತ್ತು. 2007ರಲ್ಲಿ ಅವರು ಮಿನಿಯಾಪೊಲಿಸ್‌ಗೆ ಹೋಗಿ ಮಿನೆಸೋಟಾ ವಿಶ್ವವಿದ್ಯಾಲಯವನ್ನೇ 27-21ರಿಂದ ಸೋಲಿಸಿದ ದಿನ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಆ ಖುಷಿಯನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ.

ಆದರೆ ಬೆಲೆ ತೆತ್ತವರು ಬೇರೆಯವರು. ಫಾರ್ಗೋ ಮತ್ತು ಗ್ರ್ಯಾಂಡ್ ಫೋರ್ಕ್ಸ್ ಫುಟ್‌ಬಾಲಿನಲ್ಲಿ ಮೊದಲು ಎದುರುಬದುರಾದದ್ದು 1894ರಲ್ಲಿ, ಒಕ್ಕೂಟ ಹುಟ್ಟುವುದಕ್ಕೂ ಎಷ್ಟೋ ಮೊದಲು. 1938ರಿಂದ ಗೆದ್ದವರಿಗೆ 'ನಿಕ್ಕಲ್ ಟ್ರೋಫಿ' ಸಿಗುತ್ತಿತ್ತು: ಐದು ಸೆಂಟಿನ ಹಳೆಯ ನಾಣ್ಯದ ದೊಡ್ಡ ಪ್ರತಿಕೃತಿ, 34 ಕಿಲೋ ತೂಕ. ನಾಣ್ಯದ ಒಂದು ಮುಖದಲ್ಲಿ ಮೂಲನಿವಾಸಿಯ ತಲೆ, ಇನ್ನೊಂದರಲ್ಲಿ ಕಾಡೆಮ್ಮೆ. ಗ್ರ್ಯಾಂಡ್ ಫೋರ್ಕ್ಸ್‌ನವರ ತಂಡದ ಹೆಸರು ಅಂದು ಸೂ, ಫಾರ್ಗೋದವರದು ಬೈಸನ್. ಒಂದೇ ನಾಣ್ಯ ಇಬ್ಬರಿಗೂ ಹೊಂದಿತು. ಟ್ರೋಫಿಯನ್ನು ಪರಸ್ಪರ ಕದ್ದೊಯ್ಯುವುದು ವಿದ್ಯಾರ್ಥಿಗಳಿಗೆ ಒಂದು ವ್ರತದಂತಿತ್ತು. 2003ರ ನಂತರ ಪಂದ್ಯವೇ ನಿಂತಿತು. ಹೊರಟವರಿಗೂ ಉಳಿದವರಿಗೂ ಮಾತು ಮುರಿದು ಹನ್ನೆರಡು ವರ್ಷ ಆಡಲಿಲ್ಲ. 2015ರಲ್ಲಿ ಮತ್ತೆ ಫಾರ್ಗೋದಲ್ಲಿ ಸೇರಿದಾಗ ಸೂ ಎಂಬ ಹೆಸರು ಹೋಗಿತ್ತು. ಮೂಲನಿವಾಸಿಗಳ ಹೆಸರು ಮತ್ತು ಮುಖವನ್ನು ತಂಡದ ಗುರುತಾಗಿ ಬಳಸುವುದು ಸರಿಯಲ್ಲ ಎಂಬ ದೀರ್ಘ ವಾದದ ಕೊನೆಗೆ ಅದನ್ನು ಕೈಬಿಡಲಾಗಿತ್ತು. ಬಿಟ್ಟದ್ದು ಸರಿಯೇ ಎಂದು ನನ್ನ ಅಭಿಪ್ರಾಯ. ಟ್ರೋಫಿಯೂ ಹಾಗೆಯೇ ಆಟದಿಂದ ಹೊರಬಿದ್ದು ಬಿಸ್ಮಾರ್ಕ್‌ನಲ್ಲಿರುವ ರಾಜ್ಯದ ಇತಿಹಾಸ ಸಂಸ್ಥೆಗೆ ಸೇರಿತು.

ನಾರ್ತ್ ಡಕೋಟಾ, ಸೌತ್ ಡಕೋಟಾ ವಿಶ್ವವಿದ್ಯಾಲಯಗಳೂ ಡಿವಿಷನ್ 1ಕ್ಕೆ ಹೋಗುತ್ತೇವೆಂದ ಮೇಲೆ ಏಳರಲ್ಲಿ ಐದು ಉಳಿಯಿತು. 2004ರಲ್ಲಿ ಸೇರಿದ್ದ ಡುಲುತ್, ಜೊತೆಗೆ ಮ್ಯಾನ್‌ಕೇಟೊ, ಸೇಂಟ್ ಕ್ಲೌಡ್, ಅಗಸ್ಟಾನಾ ನೆರೆಯ ನಾರ್ದರ್ನ್ ಸನ್ ಒಕ್ಕೂಟಕ್ಕೆ ಹೋದವು. ಒಮಾಹಾ ದಕ್ಷಿಣದ ಮತ್ತೊಂದಕ್ಕೆ. ಮುಚ್ಚುವ ಕೊನೆಯ ಋತುವಿನಲ್ಲೂ, 2008ರ ಮಾರ್ಚ್‌ನಲ್ಲಿ, ವರ್ಮಿಲಿಯನ್‌ನ ಹುಡುಗಿಯರು ಡಿವಿಷನ್ 2ರ ರಾಷ್ಟ್ರೀಯ ಫೈನಲ್ ಆಡಿ ಸೋತರು. ಒಕ್ಕೂಟಕ್ಕೆ ಕಾಯಿಲೆಯಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಉಳಿದವರ ಮಾತು

ನಾನೀಗ ಕೆಲಸ ಮಾಡುವುದು ಒಮಾಹಾದಲ್ಲಿ. ಈ ಊರಿನ ವಿಶ್ವವಿದ್ಯಾಲಯ 2011ರಲ್ಲಿ ಡಿವಿಷನ್ 1ಕ್ಕೆ ಹೋಗುವಾಗ ಫುಟ್‌ಬಾಲನ್ನೂ ಕುಸ್ತಿಯನ್ನೂ ಕೈಬಿಟ್ಟಿತು. ಅದೇ ವಾರ ಇವರ ಕುಸ್ತಿ ತಂಡ ಸತತ ಮೂರನೆಯ ಬಾರಿ ಡಿವಿಷನ್ 2ರ ಪಟ್ಟ ಗೆದ್ದಿತ್ತು. ಗೆದ್ದು ಬಂದ ಹುಡುಗರಿಗೆ ತಂಡವೇ ಇಲ್ಲ ಎಂಬ ಸುದ್ದಿ. ಮೇಲೆ ಹತ್ತುವ ಲೆಕ್ಕಾಚಾರದಲ್ಲಿ ಇಂಥ ಮಕ್ಕಳನ್ನು ಯಾವ ಸಾಲಿನಲ್ಲಿ ಬರೆಯುತ್ತಾರೋ ನನಗೆ ಅರ್ಥವಾಗಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ಸೂ ಫಾಲ್ಸ್‌ನವರು, ಎಂಬತ್ತರ ದಶಕದಲ್ಲಿ ಅಗಸ್ಟಾನಾದಲ್ಲಿ ಓದಿದವರು. ಕೆಲಸದ ಮೇಲೆ ಒಮ್ಮೆ ಇಬ್ಬರೂ ಕಾರಿನಲ್ಲಿ ಅವರ ಊರಿಗೆ ಹೊರಟಿದ್ದೆವು. ಸೂ ಸಿಟಿ ದಾಟುವಾಗ ಮಾರ್ನಿಂಗ್‌ಸೈಡ್‌ನ ಮಾತು ಬಂತು. ಅಲ್ಲಿಂದ ಸೂ ಫಾಲ್ಸ್ ಬರುವವರೆಗೂ ಅವರು ನಿಲ್ಲಿಸಲಿಲ್ಲ. 'ನಾವು ಬ್ರೂಕಿಂಗ್ಸ್‌ನವರನ್ನು ಯಾವಾಗಲೂ ಸೋಲಿಸುತ್ತಿರಲಿಲ್ಲ. ಸೋಲಿಸಬಹುದಿತ್ತು, ಅಷ್ಟೇ. ಆ ಶನಿವಾರ ಸೋಲಿಸಬಹುದು ಎಂಬ ಭರವಸೆಯಲ್ಲಿ ನನ್ನ ತಂದೆ ನಲವತ್ತು ವರ್ಷ ಟಿಕೆಟ್ ಕೊಂಡರು' ಎಂದರು. ಈಗ ಅವರ ಮಗಳು ಓದುತ್ತಿರುವುದು ಬ್ರೂಕಿಂಗ್ಸ್‌ನಲ್ಲೇ. ಅಪ್ಪನ ಕಾಲೇಜೂ ತನ್ನದೂ 63 ವರ್ಷ ಒಂದೇ ಒಕ್ಕೂಟದಲ್ಲಿದ್ದವು, 1941ರಿಂದ 2004ರವರೆಗೆ, ಎಂದು ಅವರು ಹೇಳಿದಾಗ ಆ ಹುಡುಗಿ ನಂಬಲಿಲ್ಲವಂತೆ. ನಂಬದಿರುವುದರಲ್ಲಿ ಅವಳ ತಪ್ಪಿಲ್ಲ. ಅವಳು ಕಂಡದ್ದು ಬೇರೆ ಪ್ರಪಂಚ. ಅವಳಿಗೆ ಬುದ್ಧಿ ಬರುವ ಹೊತ್ತಿಗೆ ಬ್ರೂಕಿಂಗ್ಸ್‌ನ ತಂಡ 2022, 2023ರ ಋತುಗಳಲ್ಲಿ ಡಿವಿಷನ್ 1ರ ಎರಡನೆಯ ಸ್ತರದ ರಾಷ್ಟ್ರೀಯ ಫುಟ್‌ಬಾಲ್ ಪಟ್ಟ ಗೆದ್ದಿತ್ತು. ಮೊದಲನೆಯದರ ಫೈನಲ್‌ನಲ್ಲಿ ಸೋತವರು ಫಾರ್ಗೋದವರು. ಐ-29ರ ಎರಡು ಊರಿನವರು ಅದನ್ನು ಆಡಲು ಟೆಕ್ಸಸ್‌ನ ಫ್ರಿಸ್ಕೋವರೆಗೆ ಹೋಗಬೇಕಾಯಿತು.

ನಿಜಕ್ಕೂ ಆ ದೊಡ್ಡವರ ಪೈಪೋಟಿ ಕಳೆದುಹೋಗಲಿಲ್ಲ. 2020ರ ಹೊತ್ತಿಗೆ ನಾಲ್ಕೂ ಡಕೋಟಾ ವಿಶ್ವವಿದ್ಯಾಲಯಗಳು, ಜೊತೆಗೆ ಎಪ್ಪತ್ತರ ದಶಕದವರೆಗೆ ಹಳೆಯ ಒಕ್ಕೂಟದಲ್ಲೇ ಇದ್ದ ನಾರ್ದರ್ನ್ ಅಯೋವಾ, ಮಿಸ್ಸೂರಿ ವ್ಯಾಲಿ ಎಂಬ ಫುಟ್‌ಬಾಲ್ ಒಕ್ಕೂಟದಲ್ಲಿ ಮತ್ತೆ ಎದುರುಬದುರಾಗಿದ್ದವು. ಸುತ್ತುಬಳಸಿ, ಕ್ಯಾಲಿಫೋರ್ನಿಯಾ, ಯೂಟಾಗಳವರೆಗೆ ವಿಮಾನದಲ್ಲಿ ಓಡಾಡಿ, ಅವರು ತಿರುಗಿ ಬಂದದ್ದು ಪಕ್ಕದ ಮನೆಯವರ ಬಳಿಗೇ. ಹಾಗಾಗಿ ಸತ್ತದ್ದು ಪೈಪೋಟಿಯಲ್ಲ, ಸಮಾನತೆ. ಅಗಸ್ಟಾನಾವೂ ತಾನು ಡಿವಿಷನ್ 1ಕ್ಕೆ ಹೋಗಬೇಕೆಂದು 2018ರಲ್ಲಿ ಹೇಳಿತ್ತು. ಅದು ಕೈಗೂಡಲಿಲ್ಲ, ಸಮಿಟ್ ಲೀಗ್‌ನ ಕಚೇರಿ ಇರುವುದು ಅದೇ ಊರಿನಲ್ಲಿ, ಒಳಗೆ ಬಂದದ್ದು ಸೇಂಟ್ ಥಾಮಸ್.

ಇನ್ನೊಂದು ಮಾತು, ಇದು ನನ್ನನ್ನು ಹೆಚ್ಚು ಕಾಡುವುದು. ಒಂದು ಒಕ್ಕೂಟ ಮುಚ್ಚಿದರೆ ಅದರ ಇತಿಹಾಸ ಯಾರದು? ಸಮಿಟ್ ಲೀಗ್ 1982ರಲ್ಲಿ ಬೇರೆ ಊರುಗಳ ಬೇರೆ ಕಾಲೇಜುಗಳು ಬೇರೆ ಹೆಸರಿನಲ್ಲಿ ಕಟ್ಟಿಕೊಂಡದ್ದು. ಅದರ ದಾಖಲೆಗಳಲ್ಲಿ ಫಾರ್ಗೋದ ಲೆಕ್ಕ ಶುರುವಾಗುವುದು 2007ರಿಂದ, ಗ್ರ್ಯಾಂಡ್ ಫೋರ್ಕ್ಸ್‌ನದು 2018ರಿಂದ. ಆ 32 ಪಂದ್ಯಗಳ ಚಳಿಗಾಲ ಅದರ ಪುಸ್ತಕದಲ್ಲಿ ಬರಲು ಸಾಧ್ಯವೇ ಇಲ್ಲ. ಪ್ರತಿ ಕಾಲೇಜೂ ತಾನು ಗೆದ್ದ ವರ್ಷಗಳನ್ನು ತನ್ನ ಗೋಡೆಯ ಮೇಲೆ ಬರೆದುಕೊಂಡಿದೆ. ಸೋತ ಪಂದ್ಯಗಳನ್ನು, ಯಾರೂ ಗೆಲ್ಲದ ನಡುವಿನ ವರ್ಷಗಳನ್ನು, ಮಾರ್ನಿಂಗ್‌ಸೈಡ್ ಒಮ್ಮೊಮ್ಮೆ ದೊಡ್ಡವರನ್ನು ಕೆಡವಿದ ರಾತ್ರಿಗಳನ್ನು ಒಟ್ಟಿಗೆ ಇಟ್ಟುಕೊಳ್ಳುವ ಮನೆ ಇಲ್ಲ. 86 ವರ್ಷಗಳ ಅಂಕಪಟ್ಟಿಗಳು ಹತ್ತಾರು ಕಾಲೇಜುಗಳ ಗ್ರಂಥಾಲಯಗಳಲ್ಲೂ ಊರಿನ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲೂ ಚದುರಿಹೋಗಿವೆ. ಸೂ ಫಾಲ್ಸ್‌ನಲ್ಲಿ ಯಾರಾದರೂ ಇದಕ್ಕೊಂದು ಕೋಣೆ ಮಾಡಬೇಕು. ಆ ಊರಿಗೆ ಅಷ್ಟು ಹಣವೂ ಇದೆ, ಹಕ್ಕೂ ಇದೆ.

ಉಳಿದವರನ್ನು ನೋಡಿ ಅಯ್ಯೋ ಪಾಪ ಎನ್ನುವ ಅಗತ್ಯವಂತೂ ಇಲ್ಲ. ಸೋತು ಹೊರಟಿದ್ದ ಮಾರ್ನಿಂಗ್‌ಸೈಡ್ ಎನ್‌ಎಐಎಯಲ್ಲಿ 2018, 2019, 2021ರ ಫುಟ್‌ಬಾಲ್ ಪಟ್ಟ ಗೆದ್ದಿತು. ಮ್ಯಾನ್‌ಕೇಟೊದವರು 2024ರಲ್ಲಿ ಡಿವಿಷನ್ 2ರ ಬಾಸ್ಕೆಟ್‌ಬಾಲ್ ಪಟ್ಟವನ್ನು ಗಂಡಸರದ್ದೂ ಹೆಂಗಸರದ್ದೂ ಒಂದೇ ಋತುವಿನಲ್ಲಿ ಗೆದ್ದರು. ಸೇಂಟ್ ಕ್ಲೌಡ್ ಮಾತ್ರ 2019ರ ಕೊನೆಗೆ ಫುಟ್‌ಬಾಲನ್ನೇ ನಿಲ್ಲಿಸಿತು. ಈ ಸುದ್ದಿಗಳು ಬಂದಾಗಲೆಲ್ಲ ಸಹೋದ್ಯೋಗಿ ನನ್ನ ಮೇಜಿನ ಬಳಿ ಬಂದು ಹೇಳಿ ಹೋಗುತ್ತಾರೆ, ತಮ್ಮದೇ ಮನೆಯ ಸುದ್ದಿಯೆಂಬಂತೆ. ಮಾರ್ಚ್‌ನಲ್ಲಿ ಸೂ ಫಾಲ್ಸ್‌ನಲ್ಲಿ ನಡೆಯುವ ಸಮಿಟ್ ಲೀಗ್ ಪಂದ್ಯಾವಳಿಗೆ ಹೋಗೋಣ ಎಂದರೆ ಮಾತ್ರ ಅವರು ಒಪ್ಪುವುದಿಲ್ಲ. ಈ ಚಳಿಗಾಲಕ್ಕೆ ನಾವು ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮೊದಲು ಅಗಸ್ಟಾನಾ ಮತ್ತು ಮ್ಯಾನ್‌ಕೇಟೊ ಹೆಂಗಸರ ಪಂದ್ಯ, ಟಿಕೆಟ್ ಅವರದು. ಆಮೇಲೆ ಮಾರ್ಚ್‌ನಲ್ಲಿ ಫಾರ್ಗೋದ ಹುಡುಗಿಯರು ಆಡುವ ದಿನ ಅವರು ಬರಬೇಕು, ಟಿಕೆಟ್ ನನ್ನದು. ಮಗಳನ್ನೂ ಕರೆತರಲು ಹೇಳಿದ್ದೇನೆ.